ದಿನಕ್ಕೆ ನಾಲ್ಕು ಸಾಲು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರ ಕಡೆಯಿಂದ ಪತ್ರವು ಬಂದಾಗ ನಾನು ಎಂಟು ದಿವಸ ಸುಮ್ಮನೆ ಕುಳಿತೆನು. ಈ ಶಾಲೆಯಲ್ಲಿ ಕಲಿತು ದೊಡ್ಡ ದೊಡ್ಡ ಪದವಿಗಳಿಗೆ ಏರಿದ ಭಗಿನಿಯರು ಅನೇಕರಿದ್ದಾರೆ; ಅವರ ಮುಂದೆ ನಾನು ಬರೆಯತಕ್ಕದ್ದೇನಿದೆ ಎಂಬ ಸಂಕೋಚವೇ ಇದಕ್ಕೆ ಕಾರಣವು. ಒಂಬತ್ತನೆಯ ದಿವಸ ಟ್ರಂಕಿನ ತಳದಲ್ಲಿದ್ದ ನನ್ನ ಹಳೆಯ ಕಂಪಾಸ ಪೆಟ್ಟಿಗೆಯನ್ನು ತೆರೆದು ನೋಡಿದೆನು. ತುಕ್ಕು ಹಿಡಿದ ಕೈವಾರದ ಕೆಳಗೆ ಒಂದು ಕೆಂಪು ದಾರವು ಸುತ್ತಿಟ್ಟ ಹಾಗೆಯೇ ಇದ್ದಿತು. ಅದರಲ್ಲಿ ನಾಲ್ಕು ಗಂಟುಗಳು. ಆ ದಾರದ ವೃತ್ತಾಂತವನ್ನೇ ಬರೆಯುವದೆಂದು ಆಗ ನಿಶ್ಚಯಿಸಿದೆನು. ಇದು ಹೆಣಿಗೆಯ ವಿಷಯವು. ನಮ್ಮ ಶಾಲೆಯಲ್ಲಿ ಕಲಿತ ಹೆಣಿಗೆಯಿಂದ ನಮ್ಮ ಮನೆಯಲ್ಲಿ ಏನಾಯಿತೆಂಬ ವಿಷಯವು.

ನನ್ನ ಊರು ಬಾದಾಮಿ ತಾಲೂಕಿನ ಕೆರೂರ. ನಾನು ಹುಡುಗಿಯಾಗಿದ್ದಾಗ ಅದು ವಿಜಾಪುರ ಜಿಲ್ಲೆಯಲ್ಲಿತ್ತು. 1997 ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು. ನಮ್ಮ ಸೀಮೆಯು ನೂಲಿನ ಸೀಮೆಯು. ಕುಪ್ಪಸದ ಖಣಗಳಿಗೆ ಹೆಸರಾದ ಗುಳೇದಗುಡ್ಡವೂ, ಸೀರೆಗಳಿಗೆ ಹೆಸರಾದ ಇಳಕಲ್ಲೂ ನಮಗೆ ದೂರದ ಊರುಗಳಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿಯೂ ಒಂದು ಕುಣಿಮಗ್ಗವಿತ್ತು. ತಂದೆಯವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದರು. ಅವ್ವ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಅಜ್ಜಿಯು ಹರಿದ ಎಳೆಗಳ ಸಿಕ್ಕು ಬಿಡಿಸುತ್ತಿದ್ದಳು. ಹಾಸು ಯಾವದು, ಹೊಕ್ಕು ಯಾವದು ಎಂಬದು ನನಗೆ ಅಕ್ಷರಗಳಿಗಿಂತ ಮೊದಲು ಗೊತ್ತಾಗಿತ್ತು. ಲಾಳಿಯ ಸಪ್ಪಳವು ನಿಂತರೆ ಮನೆಯಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದೆವು. ಯಾಕಂದರೆ ನಮ್ಮ ಊಟವು ಆ ಸಪ್ಪಳದಲ್ಲಿಯೇ ಇತ್ತು.

ಉಣ್ಣೆಯೆಂದರೆ ಮಾತ್ರ ನಮ್ಮಲ್ಲಿ ಕಂಬಳಿಯೇ. ಕುರುಬರು ಕುರಿಯ ಉಣ್ಣೆಯನ್ನು ಕತ್ತರಿಸಿ, ನೂತು, ನೇಯ್ದು, ಹುಣಸೆ ಬೀಜದ ಸರಿಯನ್ನು ಹಚ್ಚಿ ಬಿಗಿ ಮಾಡಿದ ಕರಿಯ ಕಂಬಳಿಯು ಹಾಸಲಿಕ್ಕೂ ಹೊದೆಯಲಿಕ್ಕೂ ಸಾಕಾಗುತ್ತಿತ್ತು. ಕೂಸುಗಳ ತಲೆಗೆ ಅರಿವೆಯ ಕುಲಾಯಿ, ಕುಂಚಿಗೆಗಳಿದ್ದವು. ಸೂಜಿಗಳಿಂದ ಉಣ್ಣೆಯನ್ನು ಹೆಣೆಯುವ ವಿದ್ಯೆಯು ನಮ್ಮ ಕಡೆಗೆ ಹೊರಗಿನಿಂದ ಬಂದದ್ದು. ಈಜಿಪ್ತದಲ್ಲಿ ಸಿಕ್ಕಿರುವ ಹೆಣೆದ ಕಾಲುಚೀಲಗಳ ತುಣುಕುಗಳು ಸುಮಾರು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿದವರು ಹೇಳುತ್ತಾರೆ. ಯುರೋಪದಲ್ಲಿ ಈ ಕೆಲಸವು ಮನೆಮನೆಗೆ ಹಬ್ಬಿತು. 1589 ರಲ್ಲಿ ಇಂಗ್ಲಂಡದ ವಿಲಿಯಮ್ ಲೀ ಎಂಬವನು ಕಾಲುಚೀಲ ಹೆಣೆಯುವ ಯಂತ್ರವನ್ನು ಕಟ್ಟಿದರೂ ಕೈಹೆಣಿಗೆಯು ನಿಲ್ಲಲಿಲ್ಲ. ಬಾಸೆಲ್ ಮಿಶನ್ನಿನವರು 1837 ರಲ್ಲಿ ಧಾರವಾಡಕ್ಕೂ, 1839 ರಲ್ಲಿ ಹುಬ್ಬಳ್ಳಿಗೂ, 1841 ರಲ್ಲಿ ಬೆಟಗೇರಿಗೂ, 1851 ರಲ್ಲಿ ನಮ್ಮ ನೆರೆಯ ಗುಳೇದಗುಡ್ಡಕ್ಕೂ ಬಂದು ನೆಲೆಸಿದರು. ಮಿಶನ್ನುಗಳ ಕನ್ಯಾಶಾಲೆಗಳಲ್ಲಿ ಓದುಬರಹಗಳ ಸಂಗಡ ಹೊಲಿಗೆ ಹೆಣಿಗೆಗಳನ್ನು ಕಲಿಸುವ ರೂಢಿಯು ಬೆಳೆದು ಬಂದಿತು. ಆ ರೂಢಿಯ ಫಲವು ಬಹಳ ವರ್ಷಗಳ ತರುವಾಯ ಕೆರೂರದ ಒಬ್ಬ ನೇಕಾರರ ಮಗಳ ಕೈಗೂ ಮುಟ್ಟಿತು.

1974 ರ ಜೂನ ತಿಂಗಳಲ್ಲಿ ನನ್ನನ್ನು ಎಂಟನೆಯ ಇಯತ್ತೆಗೆ ಧಾರವಾಡದಲ್ಲಿ ಸೇರಿಸಿದರು. ಕುಳಗೇರಿ ಕ್ರಾಸು ದಾಟಿ, ಕೊಣ್ಣೂರಿನ ಹತ್ತಿರ ಮಲಪ್ರಭೆಯನ್ನು ದಾಟಿ, ನರಗುಂದ ನವಲಗುಂದಗಳ ಮೇಲಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಧಾರವಾಡವನ್ನು ಮುಟ್ಟುವಷ್ಟರಲ್ಲಿ ನಮ್ಮೂರಿನ ಕೆಂಪು ಕಲ್ಲಿನ ಗುಡ್ಡಗಳು ಹಿಂದೆ ಉಳಿದು, ಹಸಿರೂ ಜಿಟಿಜಿಟಿ ಮಳೆಯೂ ಕಣ್ಣಿಗೆ ಬಿದ್ದವು. ಮೊದಲಿನ ವಾರವೆಲ್ಲ ನಾನು ಅತ್ತೆನು. ವಸತಿಗೃಹದಲ್ಲಿ ಮಗ್ಗದ ಸಪ್ಪಳವಿರಲಿಲ್ಲ. ಅದಿಲ್ಲದೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಹೊಲಿಗೆಯ ಬಾಯಿಯವರು ಇದನ್ನು ಕಂಡು, “ನೂಲಿನ ಮನೆಯವಳು ನೂಲು ಹಿಡಿದರೆ ಸಮಾಧಾನವಾದೀತು” ಎಂದು ನನ್ನ ಕೈಯಲ್ಲಿ ಎರಡು ಸೂಜಿಗಳನ್ನು ಕೊಟ್ಟರು. ಅವು ಅಂಗಡಿಯ ಸೂಜಿಗಳಲ್ಲ. ಸೈಕಲ್ಲಿನ ಗಾಲಿಯ ಕಡ್ಡಿಗಳನ್ನು ತುಂಡು ಮಾಡಿ, ತುದಿಗಳನ್ನು ಕಲ್ಲಿಗೆ ತಿಕ್ಕಿ ನಯ ಮಾಡಿದವುಗಳು. ನಮ್ಮಲ್ಲಿ ಅನೇಕರು ಅವುಗಳಿಂದಲೇ ಕಲಿತೆವು. ಸೀದಾ ಕುಣಿಕೆ, ಉಲ್ಟಾ ಕುಣಿಕೆ ಎಂಬ ಎರಡೇ ಅಕ್ಷರಗಳು ಆ ವಿದ್ಯೆಗೆ. ತಂದೆಯವರು ಕಳಿಸಿದ ಮಗ್ಗದ ಉಳಿಕೆ ನೂಲಿನಿಂದ ನಾನು ಮೊದಲು ಹೆಣೆದದ್ದು ಮುಖ ಒರೆಸುವ ಒಂದು ಚೌಕ. ಅದು ಚೌಕವಾಗಿರಲಿಲ್ಲ, ಒಂದು ಬದಿಗೆ ಸೊಟ್ಟಾಗಿತ್ತು. ಆದರೂ ದೀಪಾವಳಿಯ ರಜೆಯಲ್ಲಿ ಅದನ್ನು ಬಹು ಅಭಿಮಾನದಿಂದ ಮನೆಗೆ ಒಯ್ದೆನು.

ತಂದೆಯವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಎಳೆಯನ್ನು ಹುಡುಕಿದರು. “ಹಾಸಿಲ್ಲ, ಹೊಕ್ಕಿಲ್ಲ, ಒಂದs ಎಳಿ. ಇದು ಹ್ಯಾಂಗ ನಿಂತೈತವ್ವಾ?” ಎಂದು ಕೇಳಿದರು. ನಾನು ಸೂಜಿಗಳನ್ನು ತಂದು, ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದು ತೋರಿಸಿದೆನು. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವದನ್ನು ಅವರು ಬಲ್ಲವರು. ಕ್ಷಣಹೊತ್ತು ನೋಡಿ, “ಹಂಗಾರ ಇದು ಬರೇ ಕೊಂಡೀದs ಅರಿವಿ” ಎಂದರು. ಅಷ್ಟರಲ್ಲಿ ಅವರ ಬೆರಳಿಗೆ ಸಿಕ್ಕ ತುದಿಯೊಂದು ಜಗ್ಗಿ, ಎರಡು ಸಾಲು ಸರಸರನೆ ಬಿಚ್ಚಿ ಹೋಯಿತು. ಅಪರಾಧ ಮಾಡಿದವರ ಹಾಗೆ ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಬಿಚ್ಚಿದ ಎಳೆಯನ್ನು ನಾನು ಮರಳಿ ಹೆಣೆದಾಗ ಬಹಳ ನಕ್ಕರು. ನೇಯ್ದದ್ದು ಹರಿದರೆ ಹರಿದದ್ದೇ. ಇದು ಬಿಚ್ಚಿದರೆ ಮತ್ತೆ ನೂಲೇ ಆಗುತ್ತದೆ ಎಂಬದು ಅವರಿಗೆ ದೊಡ್ಡ ಸೋಜಿಗವಾಗಿ ಕಂಡಿತು. ನಗುತ್ತ ನಗುತ್ತ ಅವರಿಗೆ ಕೆಮ್ಮು ಬಂದಿತು. ಮಗ್ಗದ ಧೂಳಿಯ ಕೆಮ್ಮು ಎಂದು ನಾವೆಲ್ಲರೂ ತಿಳಿದಿದ್ದೆವು.

ಒಂಬತ್ತನೆಯ ಇಯತ್ತೆಯಲ್ಲಿ ಸ್ವೆಟರು ಹೆಣೆಯಲಿಕ್ಕೆ ಕಲಿಸುವರೆಂದು ಗೊತ್ತಿದ್ದುದರಿಂದ, 1975 ರ ಜೂನ ತಿಂಗಳಲ್ಲಿ ಊರು ಬಿಡುವ ಮುಂಚಿನ ದಿವಸ ನಾನು ತಂದೆಯವರನ್ನು ಮಗ್ಗದ ಪಕ್ಕದಲ್ಲಿ ನಿಲ್ಲಿಸಿ, ಖಣದ ಅಂಚಿಗೆ ಉಳಿದಿದ್ದ ಒಂದು ಕೆಂಪು ದಾರದಿಂದ ಅವರ ಎದೆಯ ಸುತ್ತಳತೆಯನ್ನು ತೆಗೆದುಕೊಂಡೆನು. ಅಳತೆ ಮುಗಿದಲ್ಲಿ ಒಂದು ಗಂಟು ಹಾಕಿದೆನು. ದಾರವನ್ನು ಕಂಪಾಸ ಪೆಟ್ಟಿಗೆಯಲ್ಲಿಟ್ಟೆನು. ಅವ್ವ ಕಂಡಿಕೆಯ ಕೂಲಿಯಲ್ಲಿ ಉಳಿಸಿದ್ದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಉಣ್ಣೆಗಾಗಿ ಕೊಟ್ಟಳು. ಬಾಯಿಯವರ ಸಂಗಡ ಹುಬ್ಬಳ್ಳಿಗೆ ಹೋಗಿ ಬೂದಿ ಬಣ್ಣದ ಉಣ್ಣೆಯನ್ನು ತಂದೆವು. ತೋಳಿನ ಸ್ವೆಟರು ಬೇಡ, ಲಾಳಿ ಎಸೆಯುವವರಿಗೆ ತೋಳು ಬಿಡುವಾಗಿರಬೇಕು ಎಂದು ತೋಳಿಲ್ಲದ್ದನ್ನೇ ಗೊತ್ತು ಮಾಡಿದೆವು.

ಮೊದಲು ಬಾಯಿಯವರು ಅಂಗೈಯಗಲದ ಒಂದು ಮಾದರಿಯನ್ನು ಹೆಣೆಯಿಸಿದರು. ಹತ್ತು ನಂಬರಿನ ಸೂಜಿಯಿಂದ ನನ್ನ ಕೈಗೆ ಒಂದು ಇಂಚಿಗೆ 7 ಕುಣಿಕೆಗಳೂ 9 ಸಾಲುಗಳೂ ಬಂದವು. ಈ ಎಣಿಕೆಯು ಒಬ್ಬೊಬ್ಬರ ಕೈಗೆ ಒಂದೊಂದು ತರ ಬರುವದು; ಬಿಗಿ ಕೈಯವಳಿಗೆ ಹೆಚ್ಚು, ಸಡಿಲು ಕೈಯವಳಿಗೆ ಕಡಿಮೆ. ಆದಕಾರಣ ಮಾದರಿಯನ್ನು ಬಿಟ್ಟು ಮುಂದುವರಿದವಳು ಪಶ್ಚಾತ್ತಾಪಪಡುವಳು. ತಂದೆಯವರ ಎದೆ 34 ಇಂಚು. ಸಡಿಲಿಕೆಗೆ 2 ಇಂಚು ಕೂಡಿಸಿ 36. ಅದನ್ನು ಏಳರಿಂದ ಗುಣಿಸಿದರೆ 252 ಕುಣಿಕೆಗಳು. ಮುಂಭಾಗಕ್ಕೆ 126, ಹಿಂಭಾಗಕ್ಕೆ 126. ಉದ್ದ 24 ಇಂಚಾದ್ದರಿಂದ ಒಂದೊಂದು ಭಾಗಕ್ಕೆ 216 ಸಾಲುಗಳು. ಎರಡೂ ಕೂಡಿ 432. ಬಗಲಿನಲ್ಲಿಯೂ ಕುತ್ತಿಗೆಯಲ್ಲಿಯೂ ಕಡಿಮೆ ಮಾಡುವದನ್ನು ಬಿಟ್ಟರೂ ಸುಮಾರು ಐವತ್ತು ಸಾವಿರ ಕುಣಿಕೆಗಳಾಗುವವು. ಈ ಸಂಖ್ಯೆಯನ್ನು ಕೇಳಿ ನಾನು ಗಾಬರಿಯಾದೆನು. ಆಗ ಬಾಯಿಯವರು, “ಐವತ್ತು ಸಾವಿರವನ್ನು ಯಾರು ಹೆಣೆಯುತ್ತಾರೆ? ನೀನು ದಿನಕ್ಕೆ ನಾಲ್ಕು ಸಾಲು ಹೆಣೆ” ಎಂದರು. ನನಗೆ ಒಂದು ಸಾಲಿಗೆ ಐದು ನಿಮಿಷ ಹಿಡಿಯುತ್ತಿತ್ತು. ನಾಲ್ಕು ಸಾಲಿಗೆ ಇಪ್ಪತ್ತು. 432 ನ್ನು ನಾಲ್ಕರಿಂದ ಭಾಗಿಸಿದರೆ 108 ದಿವಸಗಳು. ಜುಲೈ 10 ಕ್ಕೆ ಆರಂಭಿಸಿದರೆ ದೀಪಾವಳಿಯ ರಜೆಗೆ ಮುಂಚೆ ಮುಗಿಯತಕ್ಕದ್ದು.

ಆದರೆ ವಸತಿಗೃಹದ ದಿನದಲ್ಲಿ ಇಪ್ಪತ್ತು ನಿಮಿಷಗಳೆಲ್ಲಿ? ಗಂಟೆಯಿಂದ ಗಂಟೆಗೆ ನಮ್ಮ ಹೊತ್ತೆಲ್ಲ ಹಂಚಿ ಹೋಗಿತ್ತು: ಏಳುವದು, ಕಸ ಗುಡಿಸುವದು, ಸ್ನಾನ, ಅಭ್ಯಾಸ, ಶಾಲೆ, ಅರಿವೆ ಒಗೆಯುವದು, ಆಟ, ಮತ್ತೆ ಅಭ್ಯಾಸ, ಊಟ, ನಿದ್ದೆ. ಒಂದೇ ಕಡೆಗೆ ಇಪ್ಪತ್ತು ನಿಮಿಷವು ಎಲ್ಲಿಯೂ ಸಿಗಲಿಲ್ಲ. ಐದೈದು ನಿಮಿಷಗಳ ಚೂರುಗಳು ಮಾತ್ರ ಸಿಕ್ಕವು. ಬೆಳಿಗ್ಗೆ ನಳದ ಮುಂದೆ ಪಾಳಿ ಹಚ್ಚಿ ನಿಂತಾಗ ಒಂದು ಸಾಲು. ಮಧ್ಯಾಹ್ನ ಊಟದ ಗಂಟೆ ಬಾರಿಸುವ ಮುಂಚೆ ಒಂದು ಸಾಲು. ಸಂಜೆ ಒಗೆದ ಅರಿವೆಗಳನ್ನು ಮಳೆಯಿಂದ ಕಾಯುತ್ತ ಕುಳಿತಾಗ ಒಂದು ಸಾಲು. ರಾತ್ರಿ ಕನ್ನಡ ಪದ್ಯಗಳನ್ನು ಬಾಯಿಪಾಠ ಮಾಡುವಾಗ ಒಂದು ಸಾಲು. ಸೀದಾ ಸಾಲಿಗೂ ಬಾಯಿಪಾಠಕ್ಕೂ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು, ಇತಿಹಾಸಕ್ಕೂ ಅಡ್ಡಿಯಿರಲಿಲ್ಲ. ಬೀಜಗಣಿತದ ಸಂಗಡ ಮಾತ್ರ ಹೆಣಿಗೆಯು ಕೂಡಲಿಲ್ಲ. ಲೆಕ್ಕವೂ ತಪ್ಪುತ್ತಿತ್ತು, ಕುಣಿಕೆಯೂ ತಪ್ಪುತ್ತಿತ್ತು. ಶ್ರಾವಣದ ಮಳೆಯಲ್ಲಿ ಉಣ್ಣೆಯು ಹಸಿಯಾಗಿ ಸೂಜಿಯ ಮೇಲೆ ಜಾರದೆ ಇದ್ದಾಗ, ಒಲೆಯ ಮನೆಯ ಬಾಗಿಲಲ್ಲಿ ಕುಳಿತು ಹೆಣೆದದ್ದುಂಟು. ಆ ಸ್ವೆಟರಿಗೆ ಹೊಗೆಯ ವಾಸನೆಯು ಕೊನೆಯ ವರೆಗೂ ಹೋಗಲಿಲ್ಲ.

ಸಪ್ಟೆಂಬರ ತಿಂಗಳಲ್ಲಿ ಒಂದು ಸಂಕಟವು ಬಂದಿತು. ಹಿಂಭಾಗವನ್ನು ಮುಗಿಸಿ ಮುಂಭಾಗದ ಅರ್ಧಕ್ಕೆ ಬಂದಿದ್ದೆನು. ಆಗ ನೋಡುತ್ತೇನೆ, ಹದಿನಾಲ್ಕು ಸಾಲುಗಳ ಕೆಳಗೆ ಒಂದು ಕುಣಿಕೆಯು ಸೂಜಿಯಿಂದ ಬಿದ್ದು ಹೋಗಿದೆ. ಅದನ್ನು ಮುಚ್ಚಲಿಕ್ಕೆ ಯಾವಾಗಲೋ ನಾನೇ ಪಕ್ಕದಲ್ಲಿ ಒಂದು ಹೆಚ್ಚಿನ ಕುಣಿಕೆಯನ್ನು ಹಾಕಿದ್ದೇನೆ. ಎಣಿಕೆಯು ಸರಿಯಾಗಿಯೇ ಇತ್ತು. ಮೈ ಮಾತ್ರ ಕೆಟ್ಟಿತ್ತು. ಇಷ್ಟು ಚಿಕ್ಕ ತೂತು ಯಾರ ಕಣ್ಣಿಗೆ ಬಿದ್ದೀತು ಎಂದು ನಾನು ಬಾಯಿಯವರ ಮುಂದೆ ವಾದಿಸಿದೆನು. ಅವರು ಸೂಜಿಯನ್ನು ಹೊರಗೆ ಎಳೆದು ನೂಲಿನ ತುದಿಯನ್ನು ನನ್ನ ಕೈಗೆ ಕೊಟ್ಟು, “ತಪ್ಪು ನಮ್ಮದಾಗಿದ್ದರೆ ಬಿಚ್ಚಲಿಕ್ಕೆ ನಾಚಬಾರದು, ನೂಲು ಎಲ್ಲಿಗೂ ಹೋಗುವದಿಲ್ಲ” ಎಂದರು. ಹದಿನಾಲ್ಕು ಸಾಲುಗಳೆಂದರೆ ಮೂರೂವರೆ ದಿವಸಗಳು. ಕಣ್ಣೀರು ಸುರಿಸುತ್ತ ಬಿಚ್ಚಿದೆನು. ಮೂರೂವರೆ ದಿವಸಗಳ ಕೆಲಸವು ಎರಡು ನಿಮಿಷದಲ್ಲಿ ಉಂಡೆಯಾಗಿ ಮಡಿಲಲ್ಲಿ ಕುಳಿತಿತು. ಆದರೆ ಮರುದಿವಸ ಮತ್ತೆ ನಾಲ್ಕು ಸಾಲು ಹೆಣೆದಾಗ, ಬಿಚ್ಚಿದ್ದರಿಂದ ನಾನು ಸಾಯಲಿಲ್ಲವೆಂದು ತಿಳಿಯಿತು.

ನವೆಂಬರ ಮೊದಲಿಗೆ ದೀಪಾವಳಿಯು ಬಂದಿತು. ಕುತ್ತಿಗೆಯ ಪಟ್ಟಿಯೊಂದು ಉಳಿದಿತ್ತು. ಅದನ್ನು ಹುಬ್ಬಳ್ಳಿಯಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಹೆಣೆದೆನು. ನರಗುಂದದ ಗುಡ್ಡವು ಕಾಣುವಾಗ ಅರ್ಧ ಪಟ್ಟಿ, ಕುಳಗೇರಿಯಲ್ಲಿ ಕೊನೆಯ ಕುಣಿಕೆ. ಮನೆಗೆ ಮುಟ್ಟಿದ ಕೂಡಲೆ, ಕೈಕಾಲು ಸಹ ತೊಳೆಯದೆ, ತಂದೆಯವರನ್ನು ಮಗ್ಗದಿಂದ ಎಬ್ಬಿಸಿ ತೊಡಿಸಿದೆನು.

ಸ್ವೆಟರು ಅವರ ಮೈಮೇಲೆ ಗೋಣಿಚೀಲದ ಹಾಗೆ ಜೋತು ಬಿದ್ದಿತು. ಬಗಲುಗಳು ಇಳಿದವು, ಭುಜಗಳು ಜಾರಿದವು. ಅಜ್ಜಿಯು, “ಇದರಾಗ ಇಬ್ಬರು ಹೊಗಬಹುದು ನೋಡು” ಎಂದು ನಕ್ಕಳು. ತಮ್ಮನೂ ನಕ್ಕನು. ಅವ್ವ, “ಇರಲಿ ಬಿಡವ್ವಾ, ಮೊದಲನೇದ್ದು. ಅಳತಿ ತಪ್ಪೈತಿ” ಎಂದು ನನ್ನನ್ನು ಸಮಾಧಾನಪಡಿಸಹೋದಳು. ನನಗೆ ಸಿಟ್ಟು ಬಂದಿತು. ಮಾದರಿ ಹೆಣೆದು, ಎಣಿಸಿ, ಗುಣಿಸಿ ಮಾಡಿದ್ದು ತಪ್ಪುವದು ಹೇಗೆ? ಓಡಿ ಹೋಗಿ ಕಂಪಾಸ ಪೆಟ್ಟಿಗೆಯಿಂದ ಕೆಂಪು ದಾರವನ್ನು ತಂದು, ನೋಡಿರೆಂದು ಎಲ್ಲರ ಮುಂದೆ ತಂದೆಯವರ ಎದೆಗೆ ಸುತ್ತಿದೆನು. ದಾರದ ಗಂಟು ಜೂನ ತಿಂಗಳಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಅದು ನಾಲ್ಕು ಬೆರಳು ದಾಟಿ ಮುಂದೆ ಹೋಯಿತು.

ಯಾರೂ ನಗಲಿಲ್ಲ. “ದಾರ ಜಗ್ಗಿದ್ದೀತು” ಎಂದು ತಂದೆಯವರು ಹೇಳಿದರು. ಆದರೆ ನೂಲಿನಲ್ಲಿಯೇ ಹುಟ್ಟಿ ಬೆಳೆದ ಅವರಿಗೆ ಅದು ಜಗ್ಗುವ ದಾರವಲ್ಲವೆಂಬದು ಗೊತ್ತಿತ್ತು. ಬೆರಳಿಗೆ ಹಿಡಿದು ನೋಡಿ ಸುಮ್ಮನಾದರು. ದಿನಾಲು ಕಣ್ಣ ಮುಂದೆ ಇರುವವರು ಕರಗುವದು ಮನೆಯವರಿಗೆ ಕಾಣುವದಿಲ್ಲ. ರಾತ್ರಿಯ ಕೆಮ್ಮು, ಸಂಜೆಯ ಸಣ್ಣ ಜ್ವರ, ಉಣ್ಣದೆ ಬಿಟ್ಟ ಅರ್ಧ ರೊಟ್ಟಿ, ಇವೆಲ್ಲ ಅವ್ವನಿಗೆ ಆ ಕ್ಷಣದಲ್ಲಿ ಒಟ್ಟಿಗೆ ನೆನಪಾದವೆಂದು ಆಮೇಲೆ ಹೇಳಿದಳು. ಪಾಡ್ಯದ ಮರುದಿವಸ ಕಾಕಾ ತಂದೆಯವರನ್ನು ಬಾಗಲಕೋಟೆಗೆ ಕರೆದುಕೊಂಡು ಹೋಗಿ ಸರಕಾರಿ ಡಾಕ್ಟರರಿಗೆ ತೋರಿಸಿದರು. ಕಫದ ಪರೀಕ್ಷೆಯಾಯಿತು, ಎಕ್ಸ್‌ರೇ ತೆಗೆದರು. ಕ್ಷಯವೆಂದು ಹೇಳಿದರು.

ಈಗಿನ ಹುಡುಗಿಯರಿಗೆ ಆ ಶಬ್ದದ ಭಾರವು ತಿಳಿಯಲಿಕ್ಕಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಅದಕ್ಕೆ ಔಷಧವೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ಕಂಡುಬಂದದ್ದು 1943 ರಲ್ಲಿ. ಬೆಂಗಳೂರಿನಲ್ಲಿ 1959 ರಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆಯು ಸ್ಥಾಪಿತವಾಯಿತು. 1962 ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಆದುದರಿಂದಲೇ ನಮ್ಮಂಥವರಿಗೂ ಔಷಧವು ಎಟಕುವಂತಾಯಿತು. ಆಗಿನ ಚಿಕಿತ್ಸೆಯು ಉದ್ದವಾದದ್ದು. ಮೊದಲು ಸೂಜಿಮದ್ದು, ಜೊತೆಗೆ ಗುಳಿಗೆಗಳು. ಒಟ್ಟು ಹದಿನೆಂಟು ತಿಂಗಳು, ಒಂದು ದಿವಸವೂ ಬಿಡದೆ. ಮೈ ಹಗುರಾಯಿತೆಂದು ನಡುವೆ ಬಿಟ್ಟವರಿಗೆ ರೋಗವು ತಿರುಗಿ ಬರುವದೆಂದು ಡಾಕ್ಟರರು ಒತ್ತಿ ಹೇಳಿದರು.

ಮಗ್ಗವು ನಿಂತಿತು. ಆ ರಾತ್ರಿ ಅಜ್ಜಿಯು, ಹುಡುಗಿ ಇನ್ನು ಮನೆಯಲ್ಲಿರಲಿ, ಕಂಡಿಕೆ ಸುತ್ತಲಿ, ಅವ್ವ ಕೂಲಿಗೆ ಹೋಗಲಿ ಎಂದಳು. ಅವಳು ಕೆಟ್ಟವಳಲ್ಲ, ಹೊಟ್ಟೆಯ ಲೆಕ್ಕವು ಅವಳಿಗೆ ಗೊತ್ತಿತ್ತು. ನಾನು ಏನೂ ಮಾತಾಡಲಿಲ್ಲ. ಮೂಲೆಯಲ್ಲಿ ಕುಳಿತು, ಸ್ವೆಟರಿನ ತುದಿಯನ್ನು ಹುಡುಕಿ, ಬಿಚ್ಚಲಿಕ್ಕೆ ಆರಂಭಿಸಿದೆನು. ಅವರ ಈಗಿನ ಮೈಗೆ ಸರಿಯಾಗಿ ಚಿಕ್ಕದಾಗಿ ಹೆಣೆಯಬೇಕೆಂದು ನನ್ನ ವಿಚಾರವಿತ್ತು; ಶಾಲೆಯಲ್ಲಿ ಕಲಿತ ಪಾಠವೂ ಅದೇ ಆಗಿತ್ತು. ಅವ್ವ ಬಂದು ನನ್ನ ಕೈ ಹಿಡಿದಳು. “ಬಿಚ್ಚಬ್ಯಾಡ. ನಿನ್ನ ಅಳತಿ ತಪ್ಪಿಲ್ಲ. ಅವರು ತುಂಬಿ ಬರಲಿ” ಎಂದಳು.

ಕಂಬಳಿಯ ಮೇಲೆ ಮಲಗಿದ್ದ ತಂದೆಯವರು ಇದನ್ನು ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಅಜ್ಜಿಗೆ ಕೇಳುವಂತೆ, “ಮನೀ ಮಂದಿಗೆಲ್ಲಾ ಕಾಣದ್ದು ಈ ಹುಡುಗೀ ದಾರಕ್ಕ ಕಂಡೈತಿ. ಆಕೀ ಸಾಲಿ ಬಿಡಸೂದು ಬ್ಯಾಡ” ಎಂದರು. ಅಜ್ಜಿಯು ಮರುಮಾತಾಡಲಿಲ್ಲ. ಕಾಕಾ ದಿನಕ್ಕೆ ಅರ್ಧ ಹೊತ್ತು ನಮ್ಮ ಮಗ್ಗದ ಮೇಲೆ ಕೂಡ್ರುವದಾಗಿ ಒಪ್ಪಿದರು. ನಾನು ಹೊರಡುವ ಮುಂಚೆ ದಾರದಲ್ಲಿ ಎರಡನೆಯ ಗಂಟು ಹಾಕಿದೆನು. ಸ್ವೆಟರನ್ನು ಮಗ್ಗದ ಮೇಲಿನ ಗೂಟಕ್ಕೆ ತೂಗು ಹಾಕಿದೆವು.

ಧಾರವಾಡಕ್ಕೆ ಮರಳಿದ ಮೇಲೆ ಬಾಯಿಯವರಿಗೆ ಮಾತ್ರ ಎಲ್ಲವನ್ನೂ ತಿಳಿಸಿದೆನು. ಅವರು ಕನಿಕರದ ಮಾತುಗಳನ್ನು ಬಹಳ ಆಡಲಿಲ್ಲ. ಎಂಟು ದಿವಸಗಳಲ್ಲಿ ಊರೊಳಗಿನ ಪರಿಚಯದವರಿಂದ ಕೂಸುಗಳ ಕುಲಾಯಿಗಳನ್ನು ಹೆಣೆದು ಕೊಡುವ ಕೆಲಸವನ್ನು ತಂದರು. ಕುಲಾಯಿಗೆ 84 ಕುಣಿಕೆಗಳು ಸಾಕು. ತುದಿಯ ಕಡೆಗೆ ಅವೂ ಕಡಿಮೆಯಾಗುತ್ತ ಹೋಗುವವು. ಅದೇ ನಾಲ್ಕು ಚೂರು ಹೊತ್ತುಗಳಲ್ಲಿ, ರವಿವಾರ ಮಧ್ಯಾಹ್ನವನ್ನು ಕೂಡಿಸಿಕೊಂಡು, ಹತ್ತನೆಯ ಇಯತ್ತೆಯು ಮುಗಿಯುವಷ್ಟರಲ್ಲಿ ಇಪ್ಪತ್ತಮೂರು ಕುಲಾಯಿಗಳನ್ನು ಹೆಣೆದೆನು. ಪುಸ್ತಕಗಳ ಖರ್ಚೂ ಊರಿಗೆ ಹೋಗಿ ಬರುವ ಬಸ್ಸಿನ ಖರ್ಚೂ ಅದರಲ್ಲಿಯೇ ಸಾಗಿದವು. ಅಭ್ಯಾಸವು ಹಿಂದೆ ಬೀಳದಂತೆ ನೋಡಿಕೊಳ್ಳುವ ಹೊಣೆ ನನ್ನ ಮೇಲಿತ್ತು. ಬೀಜಗಣಿತವನ್ನು ಕಂಡರೆ ಹೆದರುತ್ತಿದ್ದ ನಾನು ಅದಕ್ಕೂ ದಿನಕ್ಕೆ ನಾಲ್ಕು ಲೆಕ್ಕಗಳೆಂದು ಗೊತ್ತು ಮಾಡಿಕೊಂಡೆನು. ಅತ್ತ ಕೆರೂರದಲ್ಲಿ ತಂದೆಯವರು ಗುಳಿಗೆಗಳನ್ನು ನುಂಗುತ್ತಿದ್ದರು; ಇತ್ತ ನಾನು ಸಾಲುಗಳನ್ನು ಹೆಣೆಯುತ್ತಿದ್ದೆನು. ಇಬ್ಬರದೂ ಒಂದೇ ತರದ ಕೆಲಸವೆಂದು ನನಗೆ ಅನಿಸುತ್ತಿತ್ತು. ಇಂದಿನದು ಇಂದು ಆಗಬೇಕು. ನಾಳೆಗೆಂದು ಎರಡು ದಿವಸದ್ದನ್ನು ಕೂಡಿಸಿ ಮುಗಿಸುವ ಹಾಗಿರಲಿಲ್ಲ.

1976 ರ ಮೇ ತಿಂಗಳ ರಜೆಯಲ್ಲಿ ದಾರ ಸುತ್ತಿ ನೋಡಿದೆವು. ಮೊದಲಿನ ಗಂಟಿಗೆ ಎರಡೂವರೆ ಬೆರಳು ಕಡಿಮೆ. ಮೂರನೆಯ ಗಂಟು ಹಾಕಿದೆನು. ಅದೇ ವರ್ಷದ ದೀಪಾವಳಿಗೆ ಒಂದು ಬೆರಳು ಕಡಿಮೆ, ನಾಲ್ಕನೆಯ ಗಂಟು. ಆ ಹೊತ್ತಿಗೆ ಡಾಕ್ಟರರ ಅಪ್ಪಣೆಯಿಂದ ಅವರು ಮಗ್ಗದ ಮೇಲೆ ಸ್ವಲ್ಪ ಸ್ವಲ್ಪ ಕೂಡ್ರಲಾರಂಭಿಸಿದ್ದರು. 1977 ರ ಪುಷ್ಯಮಾಸದಲ್ಲಿ ಬನಶಂಕರಿಯ ಜಾತ್ರೆಗೆ ಹೋದ ಸಂಗತಿಯನ್ನು ತಮ್ಮನು ಕಾರ್ಡಿನಲ್ಲಿ ಬರೆದನು. ಚಳಿಯಿದ್ದುದರಿಂದ ತಂದೆಯವರು ಸ್ವೆಟರು ತೊಟ್ಟಿದ್ದರಂತೆ. ಪರಿಚಯದವರೊಬ್ಬರು, “ಇದು ಯಾರದೋ? ಸಡ್ಲಾಗೈತಲ್ಲ” ಎಂದು ಕೇಳಲು, “ನಂದs. ಆದರ ನಾ ಇನ್ನೂ ಪೂರಾ ಬಂದಿಲ್ಲ” ಎಂದು ಹೇಳಿ ನಕ್ಕರಂತೆ. ನಕ್ಕಾಗ ಕೆಮ್ಮು ಬರಲಿಲ್ಲವೆಂದೂ ತಮ್ಮನು ಕಾರ್ಡಿನ ಅಂಚಿನಲ್ಲಿ ಬರೆದಿದ್ದನು. ಆ ಕಾರ್ಡನ್ನು ನಾನು ಪರೀಕ್ಷೆಯ ವರೆಗೆ ದಿನಾಲು ಓದಿದೆನು.

ಪರೀಕ್ಷೆಯನ್ನು ಮುಗಿಸಿ ಊರಿಗೆ ಹೋದೆನು. ಮೇ ತಿಂಗಳಲ್ಲಿ ಚಿಕಿತ್ಸೆಯು ಪೂರ್ಣವಾಯಿತು. ಕೆರೂರದ ಬಿಸಿಲು ಕಾದ ಹೆಂಚಿನಂತಿದ್ದ ಒಂದು ಮಧ್ಯಾಹ್ನ, ಬೇಡ ಬೇಡವೆಂದರೂ ಕೇಳದೆ, ನಾವು ತಂದೆಯವರಿಗೆ ಆ ಉಣ್ಣೆಯ ಸ್ವೆಟರನ್ನು ತೊಡಿಸಿದೆವು. ಭುಜವು ಭುಜದ ಮೇಲೆ ಕುಳಿತಿತು. ದಾರವನ್ನು ಸುತ್ತಿದಾಗ ಅದರ ತುದಿಯು ಮೊದಲನೆಯ ಗಂಟಿಗೆ ಬಂದು ಮುಟ್ಟಿತು. ಐದನೆಯ ಗಂಟು ಹಾಕುವ ಕಾರಣವೇ ಉಳಿಯಲಿಲ್ಲ. ಅವ್ವ ದಾರವನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ತಂದೆಯವರು ಬೆವರು ಒರೆಸಿಕೊಳ್ಳುತ್ತ, “ಇನ್ನಾರ ಬಿಚ್ಚವ್ವಾ, ಬೇಯಲಿಕ್ಕ ಹತ್ತೇನಿ” ಎಂದರು. ಆ ದಿವಸ ನಮ್ಮ ಮನೆಯಲ್ಲಿ ನಕ್ಕಷ್ಟು ಆಮೇಲೆ ಹಬ್ಬಗಳಲ್ಲಿಯೂ ನಕ್ಕಿಲ್ಲ.

ತಂದೆಯವರು ಮುಂದೆ ಇಪ್ಪತ್ತೆರಡು ವರ್ಷ ಬಾಳಿದರು. ಬಹು ಕಾಲ ನೇಯ್ದರು. ನನ್ನ ಮದುವೆಯನ್ನೂ ನನ್ನ ಮಕ್ಕಳನ್ನೂ ನೋಡಿದರು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ, ಹುಡುಗಿಯರಿಗೆ ಅಕ್ಷರಗಳ ಸಂಗಡ ಸೀದಾ ಉಲ್ಟಾ ಕುಣಿಕೆಗಳನ್ನೂ ಕಲಿಸಿ, ನಿವೃತ್ತಳಾದೆನು. ತಂದೆಯವರು ತೀರಿಕೊಂಡ ವರ್ಷ, ಚಳಿಗಾಲದ ಆರಂಭದಲ್ಲಿ, ಅವ್ವ ಆ ಸ್ವೆಟರನ್ನು ಪೆಟ್ಟಿಗೆಯಿಂದ ತಂದು ನನ್ನ ಮಡಿಲಲ್ಲಿಟ್ಟು, “ಈಗ ಬಿಚ್ಚು” ಎಂದಳು. ಇಬ್ಬರೂ ಕೂಡಿ ಬಿಚ್ಚಿದೆವು. ಹಳೆಯ ಹೆಣಿಗೆಯ ಉಣ್ಣೆಯು ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ಬರುವದು. ಅದನ್ನು ಲಡಿ ಕಟ್ಟಿ, ಬೆಚ್ಚಗಿನ ನೀರಲ್ಲಿ ತೊಳೆದು, ಭಾರ ತೂಗಿಬಿಟ್ಟು ನೆರಳಲ್ಲಿ ಒಣಗಿಸಿದರೆ ನೆಟ್ಟಗಾಗುವದು. ಆ ಉಣ್ಣೆಯಿಂದ ಮೊಮ್ಮಕ್ಕಳಿಗೆ ಕುಲಾಯಿಗಳನ್ನು ಹೆಣೆದೆನು. ನೂಲು ಎಲ್ಲಿಗೂ ಹೋಗಲಿಲ್ಲ.

ಪ್ರಿಯ ಭಗಿನಿಯರೇ, ಪಾಲಕರೇ, ಈಗ ಅಂಗಡಿಗಳಲ್ಲಿ ಎಲ್ಲ ಅಳತೆಯ ಸ್ವೆಟರುಗಳೂ ಸಿಗುತ್ತವೆ. ಸಾಧಾರಣ ಕ್ಷಯಕ್ಕೆ ಈಗ ಆರು ತಿಂಗಳ ಚಿಕಿತ್ಸೆಯು ಸಾಕಾಗುತ್ತದೆ. ಅದು ಸರಕಾರಿ ದವಾಖಾನೆಗಳಲ್ಲಿ ಧರ್ಮಾರ್ಥವಾಗಿ ದೊರೆಯುತ್ತದೆ. ಹೀಗಿರಲು ಹುಡುಗಿಯರಿಗೆ ಹೆಣಿಗೆಯು ಯಾತಕ್ಕೆ ಬೇಕೆಂದು ಕೆಲವರು ಕೇಳುತ್ತಾರೆ. ನಾನು ಅವರ ಸಂಗಡ ವಾದಿಸುವದಿಲ್ಲ. ನನಗೆ ಶಾಲೆಯು ಬಿಚ್ಚುವದನ್ನು ಕಲಿಸಿತು, ಅವ್ವ ಬಿಚ್ಚದೆ ಕಾಯುವದನ್ನು ಕಲಿಸಿದಳು. ಯಾವಾಗ ಯಾವದು ಎಂಬದನ್ನು ಅರಿಯಲಿಕ್ಕೆ ಒಂದು ಗಂಟು ಹಾಕಿದ ದಾರವು ಬೇಕಾಯಿತು. ಒಬ್ಬರಿಗಾಗಿ ಹೆಣೆಯಬೇಕಾದರೆ ಮೊದಲು ಅವರನ್ನು ಅಳೆಯಬೇಕಾಗುತ್ತದೆ. ಅಳೆಯಬೇಕಾದರೆ ಹತ್ತಿರ ನಿಂತು ನೋಡಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ದಿನಾಲು ಕಣ್ಣ ಮುಂದೆಯೇ ಇರುವವರನ್ನು ಒಮ್ಮೆ ಹಾಗೆ ನೋಡಿರಿ ಎಂದಷ್ಟೇ ಬಿನ್ನವಿಸಿ ಈ ಲೇಖವನ್ನು ಮುಗಿಸುತ್ತೇನೆ. ಬರೆದು ಮುಗಿಸಲಿಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಇದನ್ನೂ ದಿನಕ್ಕೆ ನಾಲ್ಕು ಸಾಲುಗಳಂತೆಯೇ ಬರೆದೆನು.